ಕ್ಯಾಮೆರಾ ಹೊರಲಾಗದ ಕೆಂಪು

ಬ್ಯಾಡಗಿ ಮೆಣಸಿನಕಾಯಿಯನ್ನು ಬಲ್ಲವರು ಮೊದಲು ನೋಡುವುದು ಅದರ ಸುಕ್ಕನ್ನು. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬ ಹೆಸರು ಪಡೆದ ಈ ಕಾಯಿಯಲ್ಲಿ ‘ಕಡ್ಡಿ’ ತೆಳ್ಳಗೆ ಉದ್ದವಾಗಿ ಮೈತುಂಬ ಸುಕ್ಕುಗಟ್ಟಿರುತ್ತದೆ. ‘ಡಬ್ಬಿ’ ಗಿಡ್ಡ, ದಪ್ಪ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಬೆಳೆ ಹಾವೇರಿ ಜಿಲ್ಲೆಯ ಕಣಗಳಲ್ಲಿ ಹರಡಿಕೊಂಡಾಗ ಕ್ಯಾಮೆರಾ ಹೊರತೆಗೆಯದೆ ಮುಂದೆ ಹೋಗುವುದು ಕಷ್ಟ. ಆದರೆ ಮನೆಗೆ ಬಂದು ದೊಡ್ಡ ಪರದೆಯಲ್ಲಿ ನೋಡಿದಾಗ ನಿರಾಸೆ ಕಾದಿರುತ್ತದೆ. ಆಕಾಶ ಸರಿಯಾಗಿದೆ, ಕಾಯಿ ಹರವುತ್ತಿರುವವರ ಮುಖ ಸರಿಯಾಗಿದೆ, ಕಣದ ಮಣ್ಣೂ ಸರಿಯಾಗಿದೆ. ಮೆಣಸಿನಕಾಯಿ ಮಾತ್ರ ಸುಕ್ಕಿಲ್ಲದೆ, ನೆರಳಿಲ್ಲದೆ ಕಣ್ಣಿಗೆ ಹೊಡೆಯುವ ಒಂದೇ ಕೆಂಪಾಗಿದೆ. ಯಾವ ಗುರುತಿನಿಂದ ಅದು ಬ್ಯಾಡಗಿಯದೆಂದು ತಿಳಿಯಬೇಕಿತ್ತೋ ಆ ಗುರುತೇ ಚಿತ್ರದಲ್ಲಿಲ್ಲ.

ದಾಸವಾಳದ ಎಸಳಿನ ನರಗಳು, ಇಳಕಲ್ ಸೀರೆಯ ಕೆಂಪು ಸೆರಗಿನ ನೇಯ್ಗೆ, ಯಕ್ಷಗಾನ ವೇಷದ ಮಡಿಕೆಗಳು, ಮೇ ತಿಂಗಳಲ್ಲಿ ರಸ್ತೆಗೆ ಬಾಗುವ ಗುಲ್‌ಮೊಹರ್ ಗೊಂಚಲು ಎಲ್ಲಕ್ಕೂ ಇದೇ ಗತಿ. ಹಸಿರನ್ನೂ ನೀಲಿಯನ್ನೂ ನಿಭಾಯಿಸುವಷ್ಟು ಸಲೀಸಾಗಿ ಡಿಜಿಟಲ್ ಕ್ಯಾಮೆರಾ ಕೆಂಪನ್ನು ನಿಭಾಯಿಸುವುದಿಲ್ಲ. ಕೆಲವು ಸಾವಿರದ ಫೋನ್ ಇರಲಿ, ಲಕ್ಷಗಟ್ಟಲೆ ಬೆಲೆಯ ಕ್ಯಾಮೆರಾ ಇರಲಿ, ತೊಂದರೆ ಇದ್ದೇ ಇರುತ್ತದೆ. ಏಕೆಂದರೆ ಅದರ ಬೇರು ಡಿಜಿಟಲ್ ಕ್ಯಾಮೆರಾ ಬಣ್ಣವನ್ನು ಅಳೆಯುವ ಕ್ರಮದಲ್ಲೇ ಇದೆ. ಆ ಕ್ರಮವನ್ನು ಒಮ್ಮೆ ಅರ್ಥ ಮಾಡಿಕೊಂಡರೆ ದಾರಿಯೂ ಕಾಣುತ್ತದೆ: ಕೆಂಪನ್ನು ತಗ್ಗಿಸಿದವರಿಗೇ ಕೆಂಪು ದಕ್ಕುತ್ತದೆ.

ಮೂರರಲ್ಲಿ ಒಂದೇ ತುಂಬಿದಾಗ

ಕ್ಯಾಮೆರಾದ ಸೆನ್ಸರ್‌ಗೆ ತಾನಾಗಿ ಬಣ್ಣ ತಿಳಿಯದು. ಅದರ ಮೇಲಿನ ಲಕ್ಷಾಂತರ ಸೂಕ್ಷ್ಮ ಕೋಶಗಳು ತಮ್ಮ ಮೇಲೆ ಬಿದ್ದ ಬೆಳಕೆಷ್ಟು ಎಂದಷ್ಟೇ ಲೆಕ್ಕ ಹಾಕುತ್ತವೆ. ಬಣ್ಣ ತಿಳಿಯಲು ಪ್ರತಿ ಕೋಶದ ಮೇಲೆ ಕೆಂಪು, ಹಸಿರು ಅಥವಾ ನೀಲಿ ಸೋಸುಗವನ್ನು ಕೂರಿಸಿರುತ್ತಾರೆ. ಅಮೆರಿಕದ ಈಸ್ಟ್‌ಮನ್ ಕೊಡಕ್ ಕಂಪನಿಯ ವಿಜ್ಞಾನಿ ಬ್ರೈಸ್ ಬೇಯರ್ ರೂಪಿಸಿದ ಈ ಜೋಡಣೆಗೆ 1976ರಲ್ಲಿ ಪೇಟೆಂಟ್ ಸಿಕ್ಕಿತು. ಇಂದಿನ ಬಹುಪಾಲು ಕ್ಯಾಮೆರಾ, ಫೋನುಗಳಲ್ಲಿ ಇರುವುದು ಅದೇ ಜೋಡಣೆ, ಇಲ್ಲವೇ ಅದರದೊಂದು ರೂಪಾಂತರ. ಅದರಲ್ಲಿ ಪ್ರತಿ 4 ಕೋಶಗಳಿಗೆ 2 ಹಸಿರು, 1 ಕೆಂಪು, 1 ನೀಲಿ. ಮನುಷ್ಯನ ಕಣ್ಣು ವಿವರಗಳನ್ನು ಹೆಚ್ಚಾಗಿ ಗ್ರಹಿಸುವುದು ಹಸಿರಿನ ಆಸುಪಾಸಿನ ಬೆಳಕಿನಲ್ಲಾದ್ದರಿಂದ ಬೇಯರ್ ಹಸಿರಿಗೆ ಎರಡು ಪಾಲು ಕೊಟ್ಟರು.

ಬಿಳಿ ಗೋಡೆಯ ಚಿತ್ರ ತೆಗೆದರೆ ಮೂರೂ ಬಗೆಯ ಕೋಶಗಳಿಗೆ ಕೆಲಸವಿರುತ್ತದೆ. ಕಡುಗೆಂಪು ದಾಸವಾಳದ ಮುಂದೆ ಹಾಗಲ್ಲ. ಎಸಳಿನಲ್ಲಿರುವ ಆಂಥೋಸಯನಿನ್ ಎಂಬ ವರ್ಣದ್ರವ್ಯ ಹಸಿರು ಬೆಳಕನ್ನು ಹೀರಿಕೊಂಡು ಕೆಂಪನ್ನು ಹಿಂದಕ್ಕೆ ಕಳಿಸುತ್ತದೆ. ಹಸಿರು, ನೀಲಿ ಕೋಶಗಳಿಗೆ ಸಿಗುವುದು ಅತ್ಯಲ್ಪ. ಹೂವಿನ ಆಕಾರ, ನೆರಳು, ನರ, ಹೊಳಪು ಎಲ್ಲದರ ಹೊರೆ ಕೆಂಪು ಕೋಶಗಳ ಮೇಲೆ, ಅಂದರೆ ಸೆನ್ಸರಿನ ಕಾಲು ಭಾಗದ ಮೇಲೆ ಬೀಳುತ್ತದೆ. ಎಸಳಿನ ವಿವರ ಪಕ್ಕದ ಎಲೆಯ ವಿವರದಷ್ಟು ಚೂಪಾಗಿ ಬರದಿರಲು ಇದು ಮೊದಲ ಕಾರಣ.

ಎರಡನೆಯ ಕಾರಣ ಇನ್ನೂ ಮುಖ್ಯ. ಪ್ರತಿ ಬಣ್ಣಕ್ಕೂ ಒಂದು ಗರಿಷ್ಠ ಮಿತಿ ಇದೆ. ನಾವು ದಿನವೂ ನೋಡುವ ಜೆಪೆಗ್ ಚಿತ್ರದಲ್ಲಿ ಆ ಮಿತಿ 255. ಸೊನ್ನೆಯಿಂದ 255ರವರೆಗೆ 256 ಮೆಟ್ಟಿಲುಗಳಷ್ಟೇ. ರಾಗಿ ಅಳೆಯುವ ಸೇರು ತುಂಬಿದ ಮೇಲೆ ಹಾಕಿದ್ದೆಲ್ಲ ಚೆಲ್ಲಿಹೋಗುತ್ತದೆ. ಚೆಲ್ಲಿದ್ದು ಒಂದು ಹಿಡಿಯೋ ಒಂದು ಮೂಟೆಯೋ ಎಂಬುದನ್ನು ಆ ಸೇರು ಹೇಳಲಾರದು. ಕೆಂಪಿನ ಮಿತಿ ದಾಟಿದಾಗ ಆಗುವುದೂ ಅದೇ. ಎಸಳಿನ ಹೊಳೆಯುವ ಭಾಗಕ್ಕೂ ಅದರ ಪಕ್ಕದ ಸ್ವಲ್ಪ ಮಂದವಾದ ಭಾಗಕ್ಕೂ 255 ಎಂಬ ಒಂದೇ ಅಂಕಿ ಸಿಗುತ್ತದೆ. ವ್ಯತ್ಯಾಸ ಅಳಿಸಿಹೋದಲ್ಲಿ ವಿವರವೂ ಇಲ್ಲ.

ಎಚ್ಚರಿಸದ ಹಿಸ್ಟೋಗ್ರಾಂ

ಬಿಳಿ ಮೋಡ ಮಿತಿ ಮೀರಿದರೆ ಕ್ಯಾಮೆರಾ ಕೂಡಲೇ ಹೇಳುತ್ತದೆ. ಪರದೆಯ ಮೇಲೆ ಆ ಭಾಗ ಮಿನುಗುತ್ತದೆ, ಹಿಸ್ಟೋಗ್ರಾಂ ಎಂಬ ಆಲೇಖ ಬಲಗೋಡೆಗೆ ಒತ್ತಿಕೊಳ್ಳುತ್ತದೆ. ಕೆಂಪು ಮಿತಿ ಮೀರಿದಾಗ ಈ ಸೂಚನೆಗಳು ಬಹಳಷ್ಟು ಸಲ ಸುಮ್ಮನಿರುತ್ತವೆ.

ಕಾರಣ ಲೆಕ್ಕದಲ್ಲಿದೆ. ಒಟ್ಟು ಹೊಳಪನ್ನು ಕಂಡುಹಿಡಿಯಲು ಜೆಪೆಗ್ ಬಳಸುವ ಸೂತ್ರದಲ್ಲಿ ಹಸಿರಿನ ಪಾಲು ಶೇ 58.7, ಕೆಂಪಿನದು ಶೇ 29.9, ನೀಲಿಯದು ಶೇ 11.4. ಕೆಂಪು 255ಕ್ಕೆ ತಲುಪಿ ಉಳಿದೆರಡು ಸೊನ್ನೆಯಾಗಿದ್ದರೆ ಒಟ್ಟು ಹೊಳಪು ಬರುವುದು ಸುಮಾರು 76 ಮಾತ್ರ. ಬಿಳಿ-ಕಪ್ಪು ಹಿಸ್ಟೋಗ್ರಾಂ ಈ ಲೆಕ್ಕವನ್ನೇ ಆಧರಿಸಿದ್ದರೆ, ಸಂಪೂರ್ಣ ಕೆಟ್ಟುಹೋದ ಕೆಂಪು ಅದರ ಎಡಭಾಗದಲ್ಲಿ ಏನೂ ಆಗಿಲ್ಲವೆಂಬಂತೆ ಕೂತಿರುತ್ತದೆ. ನೋಡಿದವರು ‘ಚಿತ್ರ ಸ್ವಲ್ಪ ಕತ್ತಲಾಯಿತು’ ಎಂದುಕೊಂಡು ಬೆಳಕನ್ನು ಇನ್ನಷ್ಟು ಹೆಚ್ಚಿಸುತ್ತಾರೆ. ಉಳಿದಿದ್ದ ವಿವರವೂ ಅಲ್ಲಿಗೆ ಹೋಯಿತು.

ಬೆಳಕು ಅಳೆಯುವ ಮೀಟರ್ ಕೂಡ ಇಂಥದೇ ಮೋಸ ಹೋಗುತ್ತದೆ. ಇತ್ತೀಚಿನ ಮೀಟರ್‌ಗಳು ಬಣ್ಣವನ್ನೂ ಗಮನಿಸುತ್ತವೆ ನಿಜ. ಆದರೂ ಚೌಕಟ್ಟಿನ ಬಹುಭಾಗ ಕಡುಹಸಿರು ಎಲೆಯಿಂದ ತುಂಬಿದ್ದು, ನಡುವೆ ಒಂದೇ ಒಂದು ದಾಸವಾಳ ಇದ್ದರೆ ಮೀಟರ್ ಎಲೆಯ ಕತ್ತಲನ್ನು ನೋಡಿ ಒಟ್ಟು ಬೆಳಕನ್ನು ಏರಿಸುತ್ತದೆ. ಎಲೆ ಚೆನ್ನಾಗಿ ಕಾಣುತ್ತದೆ, ಹೂವು ಹಾಳಾಗುತ್ತದೆ.

ಹೀಗಾಗಿ ಕ್ಯಾಮೆರಾದಲ್ಲಿ ಮೊದಲು ಮಾಡಬೇಕಾದ ಕೆಲಸವೆಂದರೆ ಕೆಂಪು, ಹಸಿರು, ನೀಲಿಗಳನ್ನು ಬೇರೆ ಬೇರೆಯಾಗಿ ತೋರಿಸುವ ಆರ್‌ಜಿಬಿ ಹಿಸ್ಟೋಗ್ರಾಂ ಹುಡುಕಿ ಚಾಲೂ ಮಾಡಿಕೊಳ್ಳುವುದು. ಬಹುತೇಕ ಡಿಎಸ್‌ಎಲ್‌ಆರ್, ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ತೆಗೆದ ಚಿತ್ರವನ್ನು ನೋಡುವಾಗ ಈ ಸೌಲಭ್ಯ ಸಿಗುತ್ತದೆ. ಕೆಂಪಿನ ಆಲೇಖ ಬಲತುದಿಯಲ್ಲಿ ರಾಶಿಯಾಗಿ ನಿಂತಿದ್ದರೆ ಆ ಚಿತ್ರವನ್ನು ಮತ್ತೊಮ್ಮೆ ತೆಗೆಯಬೇಕೆಂದೇ ಅರ್ಥ.

ಎಸ್‌ಆರ್‌ಜಿಬಿಯ ಎಲ್ಲೆ

ಸೆನ್ಸರ್ ಕೆಂಪನ್ನು ಸರಿಯಾಗಿ ಅಳೆದಿದ್ದರೂ ಚಿತ್ರದಲ್ಲಿ ಅದು ಕೆಡಬಹುದು. ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಕಂಪನಿಗಳು 1996ರಲ್ಲಿ ಮುಂದಿಟ್ಟ, 1999ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಎಸ್‌ಆರ್‌ಜಿಬಿ ಎಂಬ ಬಣ್ಣದ ವ್ಯಾಪ್ತಿಯೊಳಗೆ ಅಂತರ್ಜಾಲದ ಬಹುಪಾಲು ಚಿತ್ರಗಳು ಇವೆ. ಅಂದಿನ ಗಾಜಿನ ಕೊಳವೆಯ ಮಾನಿಟರ್‌ಗಳು ಏನನ್ನು ತೋರಿಸಬಲ್ಲವೋ ಅದನ್ನು ಲೆಕ್ಕಕ್ಕಿಟ್ಟುಕೊಂಡು ಎಳೆದ ಎಲ್ಲೆ ಅದು. ಪ್ರಕೃತಿ ಆ ಎಲ್ಲೆಗೆ ಬದ್ಧವಾಗಿಲ್ಲ. ಕಡುಗೆಂಪು ಹೂವುಗಳು, ಒಳ್ಳೆಯ ಬಣ್ಣದಲ್ಲಿ ಅದ್ದಿದ ರೇಷ್ಮೆ, ಕೆಂಪು ಎಲ್‌ಇಡಿ ದೀಪ ಅದರಾಚೆಗೂ ಹೋಗುತ್ತವೆ.

ಎಲ್ಲೆಯಾಚೆಗಿನ ಕೆಂಪನ್ನು ಎಸ್‌ಆರ್‌ಜಿಬಿಗೆ ಪರಿವರ್ತಿಸುವಾಗ ಲೆಕ್ಕದಲ್ಲಿ ಕೆಂಪಿನ ಅಂಕಿ 255ನ್ನು ಮೀರುತ್ತದೆ; ಹಸಿರು, ನೀಲಿಯ ಅಂಕಿಗಳು ಸೊನ್ನೆಗಿಂತ ಕೆಳಗಿಳಿದು ಋಣವಾಗುತ್ತವೆ. ಫೈಲಿನಲ್ಲಿ ಇವೆರಡಕ್ಕೂ ಜಾಗವಿಲ್ಲ. ಮೇಲಿನದನ್ನು 255ಕ್ಕೆ, ಕೆಳಗಿನದನ್ನು ಸೊನ್ನೆಗೆ ಕತ್ತರಿಸಲಾಗುತ್ತದೆ. ಸುಕ್ಕು, ನರ, ತರಿಗಳನ್ನು ಹೇಳಬೇಕಾದ ಸಣ್ಣ ಏರಿಳಿತಗಳು ಎರಡೂ ತುದಿಯಲ್ಲಿ ಕಾಣೆಯಾಗುತ್ತವೆ. ಬಿಳಿ ಮೋಡ ಕೆಡುವುದಕ್ಕೂ ಕೆಂಪು ಹೂವು ಕೆಡುವುದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದು. ಮೋಡ ಒಂದೇ ಕಡೆ ತುಂಡಾಗುತ್ತದೆ. ಕೆಂಪು ಮೇಲೂ ಕೆಳಗೂ ತುಂಡಾಗುತ್ತದೆ.

ಬಣ್ಣವೇ ಬದಲಾಗುವುದೂ ಉಂಟು. ಫೆಬ್ರುವರಿ, ಮಾರ್ಚ್‌ನಲ್ಲಿ ಎಲೆಯುದುರಿದ ಕಾಡಿನಲ್ಲಿ ಅರಳುವ ಮುತ್ತುಗದ ಹೂವಿನಲ್ಲಿ ಕೆಂಪಿನ ಜೊತೆ ಕಿತ್ತಳೆಯೂ ಬೆರೆತಿರುತ್ತದೆ. ಬಿಸಿಲು ಬಿದ್ದ ಭಾಗದಲ್ಲಿ ಕೆಂಪು 255ಕ್ಕೆ ನಿಂತುಬಿಡುತ್ತದೆ. ಹಸಿರಿನ ಅಂಕಿ ಮಾತ್ರ ಬೆಳಕಿನೊಂದಿಗೆ ಏರುತ್ತಲೇ ಹೋಗುತ್ತದೆ. ಎರಡರ ಅನುಪಾತ ತಪ್ಪಿ ಆ ಭಾಗ ಹಳದಿಯ ಕಡೆಗೆ ವಾಲುತ್ತದೆ. ಒಂದೇ ಎಸಳಿನ ಬುಡ ಕೆಂಪು, ತುದಿ ಹಳದಿ ಎಂಬಂತೆ ಕಂಡರೆ ಅದು ಮುತ್ತುಗದ ಗುಣವೋ ಕ್ಯಾಮೆರಾದ ಕತ್ತರಿಯೋ ಎಂದು ವಿಚಾರಿಸಬೇಕು.

ಕ್ಯಾಮೆರಾದ ಮೆನುವಿನಲ್ಲಿ ಎಸ್‌ಆರ್‌ಜಿಬಿ ಬದಲು ಅಡೋಬ್ ಆರ್‌ಜಿಬಿ ಆರಿಸಿಕೊಂಡರೆ ಕೆಂಪು ಸರಿಹೋಗುತ್ತದೆ ಎಂಬ ಸಲಹೆ ಚಾಲ್ತಿಯಲ್ಲಿದೆ. 1998ರಲ್ಲಿ ಬಂದ ಆ ವ್ಯಾಪ್ತಿ ಹಿಗ್ಗಿರುವುದು ಮುಖ್ಯವಾಗಿ ಹಸಿರಿನ ಕಡೆಗೆ. ಕೆಂಪಿನ ಮೂಲೆ ಎರಡರಲ್ಲೂ ಒಂದೇ ಕಡೆ ಇದೆ. ಹೀಗಾಗಿ ದಾಸವಾಳಕ್ಕೆ ಅದರಿಂದ ಹೆಚ್ಚಿನ ಉಪಕಾರವಿಲ್ಲ. ಸಿನಿಮಾ ಪ್ರಕ್ಷೇಪಣೆಗಾಗಿ ರೂಪುಗೊಂಡು ಈಗ ಫೋನ್ ಪರದೆಗಳಿಗೂ ಬಂದಿರುವ ಪಿ3 ವ್ಯಾಪ್ತಿಯಲ್ಲಿ ಮಾತ್ರ ಕೆಂಪಿನ ಮೂಲೆ ನಿಜಕ್ಕೂ ಆಚೆಗೆ ಸರಿದಿದೆ.

ಹಳೆಯ ಜಗಳ

ಛಾಯಾಗ್ರಹಣಕ್ಕೂ ಕೆಂಪಿಗೂ ಇರುವ ತಕರಾರು ಡಿಜಿಟಲ್ ಯುಗದ್ದಲ್ಲ. ಆರಂಭದ ಫೋಟೊ ಫಲಕಗಳಿಗೆ ಕೆಂಪು ಬೆಳಕು ತಾಗುತ್ತಲೇ ಇರಲಿಲ್ಲ. ಡಾರ್ಕ್‌ರೂಮಿನಲ್ಲಿ ಕೆಂಪು ಬಲ್ಬು ಉರಿಸಿಕೊಂಡು ಕೆಲಸ ಮಾಡಲು ಸಾಧ್ಯವಾದದ್ದು ಇದರಿಂದಲೇ. ಅಜ್ಜ-ಅಜ್ಜಿಯರ ಕಾಲದ ಸ್ಟುಡಿಯೊ ಚಿತ್ರಗಳಲ್ಲಿ ಹಣೆಯ ಕುಂಕುಮ ಕಪ್ಪುಬೊಟ್ಟಿನ ಹಾಗೆ ಕಾಣುವುದಕ್ಕೂ ಕೆಂಪಿಗೆ ಕುರುಡಾದ ಫಲಕಗಳೇ ಕಾರಣ.

1861ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಬಣ್ಣದ ಛಾಯಾಚಿತ್ರವೊಂದನ್ನು ತೋರಿಸಿದರು. ಚೌಕುಳಿ ರಿಬ್ಬನ್ನಿನ ಗಂಟೊಂದನ್ನು ಥಾಮಸ್ ಸಟನ್ ಕೆಂಪು, ಹಸಿರು, ನೀಲಿ ಸೋಸುಗಗಳ ಮೂಲಕ ಬೇರೆ ಬೇರೆಯಾಗಿ ಚಿತ್ರಿಸಿದ್ದರು. ಮೂರನ್ನೂ ಅದೇ ಬಣ್ಣದ ಬೆಳಕಿನಲ್ಲಿ ಒಂದರ ಮೇಲೊಂದು ಬಿಂಬಿಸಿದಾಗ ಬಣ್ಣ ಮೂಡಿತು. ಇಂದಿನ ಬಹುತೇಕ ಡಿಜಿಟಲ್ ಕ್ಯಾಮೆರಾಗಳು ಇದೇ ತತ್ವದ ಮೇಲೆ ನಿಂತಿವೆ. ಆದರೆ ಆಗಿನ ಫಲಕ ಕೆಂಪನ್ನು ಕಾಣದು ಎಂದಾದರೆ ಕೆಂಪಿನ ಚಿತ್ರ ಮೂಡಿದ್ದು ಹೇಗೆ? ಸರಿಯಾಗಿ 100 ವರ್ಷಗಳ ನಂತರ, 1961ರಲ್ಲಿ, ಕೊಡಕ್‌ನ ರಾಲ್ಫ್ ಇವಾನ್ಸ್ ಉತ್ತರ ಕೊಟ್ಟರು. ಕೆಂಪು ಬಟ್ಟೆ ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನೂ ಪ್ರತಿಫಲಿಸುತ್ತಿತ್ತು. ಕೆಂಪು ಸೋಸುಗ ಅದನ್ನೂ ಒಳಬಿಟ್ಟಿತ್ತು. ಫಲಕ ದಾಖಲಿಸಿದ್ದು ಅದನ್ನು. ಮೊದಲ ವರ್ಣಚಿತ್ರದ ಕೆಂಪು ಕೆಂಪೇ ಆಗಿರಲಿಲ್ಲ.

ಕಾಣದ ಬೆಳಕು ಡಿಜಿಟಲ್ ಕಾಲದಲ್ಲೂ ಮತ್ತೊಂದು ತುದಿಯಿಂದ ಬಂದು ಕಾಡಿತು. ಸಿಲಿಕಾನ್‌ಗೆ ಅವಗೆಂಪು ಕಿರಣವೂ ತಾಗುವುದರಿಂದ ಸೆನ್ಸರ್ ಮುಂದೆ ಅದನ್ನು ತಡೆಯುವ ಗಾಜು ಇಡಬೇಕು. 2006ರ ಲೈಕಾ ಎಂ8 ಕ್ಯಾಮೆರಾದಲ್ಲಿ ಆ ತಡೆ ದುರ್ಬಲವಾಗಿದ್ದರಿಂದ ಕೆಲವು ಕಪ್ಪು ಕೃತಕ ಬಟ್ಟೆಗಳು ನೇರಳೆಗೆಂಪಾಗಿ ಬಂದವು. ಲೆನ್ಸಿನ ಮುಂದೆ ಹಾಕಿಕೊಳ್ಳುವ ವಿಶೇಷ ಸೋಸುಗಗಳನ್ನು ಕಂಪನಿ ಕೊಡಬೇಕಾಯಿತು. ಈಗಿನ ಕ್ಯಾಮೆರಾಗಳಲ್ಲಿ ಈ ತೊಂದರೆ ಬಹುಮಟ್ಟಿಗೆ ನೀಗಿದೆ.

ಚಿತ್ರ ತೆಗೆಯುವಾಗ

ಕೆಂಪು ಕೆಡುವುದು ಎರಡು ಕಡೆ. ಸೆನ್ಸರಿನಲ್ಲೇ ಮಿತಿ ಮೀರಿದರೆ ಆ ನಷ್ಟ ಶಾಶ್ವತ. ಪರಿವರ್ತನೆಯಲ್ಲಿ ಕೆಟ್ಟಿದ್ದರೆ ಮೂಲ ದತ್ತಾಂಶ ಕೈಯಲ್ಲಿರುವವರೆಗೆ ಸರಿಪಡಿಸಬಹುದು. ಮೂಲವನ್ನು ಇಟ್ಟುಕೊಳ್ಳುವ ವಿಧಾನವೇ ರಾ ಫೈಲ್. ಜೆಪೆಗ್‌ನ 256 ಮೆಟ್ಟಿಲುಗಳ ಎದುರು 12 ಬಿಟ್ ರಾ ಫೈಲಿನಲ್ಲಿ 4,096, 14 ಬಿಟ್‌ನಲ್ಲಿ 16,384 ಮೆಟ್ಟಿಲುಗಳಿರುತ್ತವೆ. ಅದಕ್ಕಿಂತ ಮುಖ್ಯವಾದ ಅಂಶ ಇನ್ನೊಂದಿದೆ. ಹಗಲು ಬೆಳಕಿನಲ್ಲಿ ಸೆನ್ಸರಿನ ಕೆಂಪು ಸಂಕೇತ ಸಾಮಾನ್ಯವಾಗಿ ಹಸಿರಿಗಿಂತ ದುರ್ಬಲ. ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್ ಮಾಡುವಾಗ ಕ್ಯಾಮೆರಾ ಅದನ್ನು ಹಲವು ಸಲ ಎರಡು ಪಟ್ಟಿನಷ್ಟು ಹಿಗ್ಗಿಸುತ್ತದೆ. ಜೆಪೆಗ್‌ನಲ್ಲಿ ತುಂಬಿ ಚೆಲ್ಲಿದ ಕೆಂಪು ರಾ ಫೈಲಿನಲ್ಲಿ ಮಿತಿಯೊಳಗೇ ಇರುವ ಸಾಧ್ಯತೆ ಇದರಿಂದಾಗಿ ಹೆಚ್ಚು. ಹೂವು, ಬಟ್ಟೆ, ಮೆಣಸಿನಕಾಯಿಯ ಚಿತ್ರಗಳನ್ನು ಗಂಭೀರವಾಗಿ ತೆಗೆಯುವವರು ರಾ ಫೈಲ್ ಉಳಿಸಿಕೊಳ್ಳಲೇಬೇಕು.

ಎಕ್ಸ್‌ಪೋಷರ್ ಕಾಂಪನ್ಸೇಷನ್ ಎಂಬ ಗುಂಡಿಯನ್ನು ಮೈನಸ್ ಕಡೆಗೆ ತಿರುಗಿಸುವುದು ಎಲ್ಲಕ್ಕಿಂತ ಸರಳ ಉಪಾಯ. ಮೈನಸ್ 0.7ರಿಂದ ಆರಂಭಿಸಿ, ಕೆಂಪಿನ ಆಲೇಖ ಬಲಗೋಡೆ ಬಿಡುವವರೆಗೆ ಇಳಿಸುತ್ತ ಹೋಗಬೇಕು. ಬಿಸಿಲಲ್ಲಿ ಮೈನಸ್ 1.3ರವರೆಗೂ ಹೋಗಬೇಕಾದೀತು. ಚಿತ್ರ ಕತ್ತಲೆನಿಸಿದರೆ ಹೆದರಬೇಕಿಲ್ಲ. ಕತ್ತಲಾದ ಹಸಿರನ್ನು ಆಮೇಲೆ ಎತ್ತಬಹುದು, ಚೆಲ್ಲಿಹೋದ ಕೆಂಪನ್ನು ತುಂಬಿಕೊಳ್ಳಲಾಗದು.

ಬೆಳಕಿನ ಆಯ್ಕೆಯಲ್ಲಿ ರೂಢಿಯ ಮಾತನ್ನು ಸ್ವಲ್ಪ ಬದಿಗಿಡಬೇಕು. ಬೆಳಗಿನ, ಸಂಜೆಯ ಹೊಂಬಿಸಿಲು ಫೋಟೊಗೆ ಶ್ರೇಷ್ಠ ಎಂದು ಎಲ್ಲರೂ ಹೇಳುತ್ತಾರೆ. ಆ ಬೆಳಕಿನಲ್ಲೇ ಕೆಂಪು ಹೆಚ್ಚು. ಕೆಂಪು ವಸ್ತುವಿನ ಮೇಲೆ ಅದು ಬಿದ್ದರೆ ಮೊದಲೇ ತುಂಬಿದ ಕೆಂಪಿನ ಸೇರಿಗೆ, ಅಂದರೆ ಕೆಂಪು ಚಾನೆಲ್‌ಗೆ ಮತ್ತಷ್ಟು ಸುರಿದಂತಾಗುತ್ತದೆ. ತೆಳುಮೋಡದ ಹಗಲು, ಮರದ ಅಥವಾ ಗೋಡೆಯ ನೆರಳಿನ ಬೆಳಕು ಕೊಂಚ ನೀಲಿಯ ಕಡೆಗಿರುತ್ತದೆ. ಕೆಂಪಿಗೆ ಅದು ಹಿತ. ಮಳೆಗಾಲದ ಮಲೆನಾಡಿನ ಮಂಕು ಬೆಳಕಿನಲ್ಲಿ ತೆಗೆದ ಕೆಂಪು ಹೂವಿನ ಚಿತ್ರಗಳಲ್ಲಿ ನರನರವೂ ಕಾಣುವುದು ಇದರಿಂದಲೇ. ಅಂಥ ಹೊತ್ತಿನಲ್ಲಿ ವೈಟ್ ಬ್ಯಾಲೆನ್ಸನ್ನು ‘ಕ್ಲೌಡಿ’ಗೆ ಇಟ್ಟರೆ ಕ್ಯಾಮೆರಾ ಕೆಂಪನ್ನು ಮತ್ತೆ ಹಿಗ್ಗಿಸುತ್ತದೆ, ‘ಡೇಲೈಟ್’ನಲ್ಲೇ ಬಿಡುವುದು ಲೇಸು. ಮನೆಯೊಳಗಿನ ಹಳದಿ ಬಲ್ಬಿನ ಕೆಳಗೆ ಎಚ್ಚರ ಇನ್ನೂ ಹೆಚ್ಚಿರಬೇಕು. ಆ ಬೆಳಕಿನಲ್ಲಿ ಸೆನ್ಸರಿನ ಕೆಂಪೇ ಮೊದಲು ತುಂಬುವ ಸಂಭವವಿದ್ದು, ರಾ ಫೈಲ್ ಕೂಡ ಕೈಕೊಡಬಹುದು.

ಮೆಣಸಿನಕಾಯಿಯ ಸುಕ್ಕು, ರೇಷ್ಮೆಯ ಎಳೆ ಕಾಣಬೇಕಾದರೆ ಬೆಳಕು ಪಕ್ಕದಿಂದ ಬರಬೇಕು. ಸುಕ್ಕಿನ ಒಂದು ಬದಿಗೆ ನೆರಳು ಬಿದ್ದಾಗ ಹೊಳಪಿನಲ್ಲೇ ವ್ಯತ್ಯಾಸ ಹುಟ್ಟುತ್ತದೆ. ಬಣ್ಣದ ಅಂಕಿಗಳು ಒಂದಿಷ್ಟು ತುಂಡಾದರೂ ಆಕಾರ ಉಳಿಯುತ್ತದೆ.

ಇನ್ನು ಕ್ಯಾಮೆರಾದ ಒಳಗಿನ ಶೈಲಿಗಳು. 1990ರಲ್ಲಿ ಬಂದ ಫ್ಯೂಜಿಯ ವೆಲ್ವಿಯಾ ಫಿಲ್ಮ್ ತನ್ನ ಗಾಢ ಬಣ್ಣಗಳಿಂದ ನಿಸರ್ಗ ಛಾಯಾಗ್ರಾಹಕರನ್ನು ಗೆದ್ದಿತು; ಅದೇ ಹೆಸರಿನ ಶೈಲಿ ಇಂದು ಆ ಕಂಪನಿಯ ಡಿಜಿಟಲ್ ಕ್ಯಾಮೆರಾಗಳಲ್ಲಿದೆ. ನಿಕಾನ್‌ನ ‘ವಿವಿಡ್’ ಕೂಡ ಬಣ್ಣ ಏರಿಸುವಂಥದೇ. ಕೆಂಪು ವಸ್ತುವಿನ ಮುಂದೆ ಇವನ್ನು ಬಿಟ್ಟು ‘ನ್ಯೂಟ್ರಲ್’ ಆರಿಸಿಕೊಳ್ಳಬೇಕು. ರಾ ಫೈಲ್ ತೆಗೆಯುವವರಿಗೂ ಈ ಸಲಹೆ ಅನ್ವಯಿಸುತ್ತದೆ. ಕ್ಯಾಮೆರಾ ತೋರಿಸುವ ಹಿಸ್ಟೋಗ್ರಾಂ ಸಾಮಾನ್ಯವಾಗಿ ರಾ ಫೈಲಿನದ್ದಾಗಿರದೆ ಅದರಿಂದ ಮಾಡಿದ ಜೆಪೆಗ್‌ನದ್ದಾಗಿರುತ್ತದೆ. ಶೈಲಿ ಸೌಮ್ಯವಾಗಿದ್ದರೆ ಹಿಸ್ಟೋಗ್ರಾಂ ಸತ್ಯಕ್ಕೆ ಹತ್ತಿರವಾಗುತ್ತದೆ.

ಫೋನಿನಲ್ಲಿ ಇಷ್ಟೆಲ್ಲ ಹಿಡಿತವಿಲ್ಲ. ಆದರೂ ಪರದೆಯಲ್ಲಿ ಕೆಂಪು ಭಾಗವನ್ನೇ ಮುಟ್ಟಿ, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಕೆಳಕ್ಕೆ ಎಳೆದರೆ ಬೆಳಕು ತಗ್ಗುತ್ತದೆ. ಸುಕ್ಕು ಕಾಣತೊಡಗಿದ ಕ್ಷಣದಲ್ಲಿ ಒತ್ತಬೇಕು. ಪ್ರೊ ಮೋಡ್ ಇದ್ದರೆ ಸಾಮಾನ್ಯವಾಗಿ ರಾ ಫೈಲ್ ಕೂಡ ಸಿಗುತ್ತದೆ.

ಕೆಂಪು ದೀಪದ ಕೆಳಗೆ

ರಂಗದ ಬೆಳಕು ಬೇರೆಯೇ ಸವಾಲು. ಯಕ್ಷಗಾನದ ಆಟಗಳು ದೀವಟಿಗೆಯಿಂದ ಗ್ಯಾಸ್‌ಲೈಟಿಗೆ, ಅಲ್ಲಿಂದ ವಿದ್ಯುತ್ ದೀಪಕ್ಕೆ ಬಂದವು. ಈಗ ಹಲವು ಕಡೆ ಬಣ್ಣ ಬದಲಿಸುವ ಎಲ್‌ಇಡಿಗಳಿವೆ. ದೀವಟಿಗೆಯ ಬೆಳಕು ಕೆಂಪಗಿದ್ದರೂ ಅದರಲ್ಲಿ ಹಸಿರಿನ ಪಾಲೂ ಇತ್ತು. ಕೆಂಪು ಎಲ್‌ಇಡಿ ಹಾಗಲ್ಲ. ಅದು ಹೊಮ್ಮಿಸುವುದು 620ರಿಂದ 630 ನ್ಯಾನೋಮೀಟರ್ ಆಸುಪಾಸಿನ ಇಕ್ಕಟ್ಟಾದ ಒಂದು ಪಟ್ಟಿಯನ್ನು. ಆ ದೀಪವೊಂದೇ ಬೆಳಗಿದಾಗ ಹಸಿರು, ನೀಲಿ ಕೋಶಗಳಿಗೆ ತಲುಪುವುದು ಹೆಚ್ಚುಕಡಿಮೆ ಏನೂ ಇಲ್ಲ. ಮುಖವರ್ಣಿಕೆಯ ಬಿಳಿ, ಹಳದಿ, ಕೆಂಪು ಮೂರೂ ಕೆಂಪಿನ ಹೆಚ್ಚುಕಡಿಮೆಗಳಾಗಿ ಉಳಿಯುತ್ತವೆ. ಯಾವ ವೈಟ್ ಬ್ಯಾಲೆನ್ಸೂ ಸೆನ್ಸರಿಗೆ ತಲುಪದ ಬಣ್ಣವನ್ನು ಹುಟ್ಟಿಸಲಾರದು.

ಇಲ್ಲಿ ಮಾಡಬಹುದಾದ್ದು ಮೂರು. ಮುಂದಿನ ಬಿಳಿ ದೀಪ ಮುಖಕ್ಕೆ ಬೀಳುವ ಗಳಿಗೆಗಾಗಿ ಕಾಯುವುದು ಮೊದಲನೆಯದು. ಕೆಂಪು ಬೆಳಕಿನಲ್ಲೇ ತೆಗೆಯಬೇಕಾದರೆ ಬೆಳಕನ್ನು 1ರಿಂದ 2 ಸ್ಟಾಪ್ (ಗುಂಡಿಯ ಮೇಲೆ ಮೈನಸ್ 1ರಿಂದ ಮೈನಸ್ 2) ತಗ್ಗಿಸಿ ತೆಗೆಯುವುದು ಎರಡನೆಯದು. ಅಂಥ ಚಿತ್ರವನ್ನು ಕಪ್ಪುಬಿಳುಪಿಗೆ ತಿರುಗಿಸುವುದು ಮೂರನೆಯದು; ಕೆಂಪು ಚಾನೆಲ್‌ನಲ್ಲಿ ಉಳಿದ ಹೊಳಪಿನ ಏರಿಳಿತವೆಲ್ಲ ಆಗ ಮುಖಭಾವವಾಗಿ ಹೊರಬರುತ್ತದೆ. ಆಯೋಜಕರಿಗೂ ಒಂದು ಮನವಿ ಸಲ್ಲಬೇಕು: ಎದುರಿನಿಂದ ಸಣ್ಣದೊಂದು ಬಿಳಿ ದೀಪ ಸದಾ ಉರಿಯುತ್ತಿದ್ದರೆ ಕಲಾವಿದರು ಗಂಟೆಗಟ್ಟಲೆ ಕೂತು ಬರೆದುಕೊಂಡ ಬಣ್ಣ ಪ್ರೇಕ್ಷಕರಿಗೂ ದಾಖಲೆಗೂ ದಕ್ಕುತ್ತದೆ.

ತಿದ್ದುವಾಗ

ಮೊದಲು ರೋಗ ಯಾವುದೆಂದು ಗುರುತಿಸಬೇಕು. ರಾ ಫೈಲನ್ನು ತೆರೆದು ಎಕ್ಸ್‌ಪೋಷರ್ ಸ್ಲೈಡರನ್ನು ಒಂದೆರಡು ಸ್ಟಾಪ್ ಇಳಿಸಿ ನೋಡಿ. ಎಸಳಿನ ನರಗಳು ಮೂಡಿ ಬಂದರೆ ಸೆನ್ಸರ್ ತನ್ನ ಕೆಲಸ ಸರಿಯಾಗಿ ಮಾಡಿದೆ. ಸಪಾಟಾದ ಕೆಂಪು ಸಪಾಟಾಗಿಯೇ ಕಪ್ಪಾಗುತ್ತ ಹೋದರೆ ಅಲ್ಲಿನ ಮಾಹಿತಿ ಹೋಗಿದೆ. ಎಕ್ಸ್‌ಪೋಷರ್ ಮುಟ್ಟದೆ ಸ್ಯಾಚುರೇಷನ್ (ಬಣ್ಣದ ಗಾಢತೆ) ತಗ್ಗಿಸಿದಾಗ ವಿವರ ಮರಳಿದರೆ ತೊಂದರೆ ಇದ್ದದ್ದು ಬಣ್ಣದ ವ್ಯಾಪ್ತಿಯಲ್ಲಿ ಎಂದು ತಿಳಿಯಬೇಕು.

ಇದಕ್ಕೆ ದುಬಾರಿ ತಂತ್ರಾಂಶವೇ ಬೇಕೆಂದಿಲ್ಲ. ಲೈಟ್‌ರೂಮ್‌ನಂಥವುಗಳ ಜೊತೆಗೆ ಡಾರ್ಕ್‌ಟೇಬಲ್, ರಾಥೆರಪಿ ಎಂಬ ಉಚಿತ, ಮುಕ್ತ ತಂತ್ರಾಂಶಗಳೂ ಈ ಕೆಲಸ ಮಾಡುತ್ತವೆ. ಕ್ರಮ ಹೀಗಿರಲಿ. ಮೊದಲು ಪ್ರೊಫೈಲನ್ನು, ಅಂದರೆ ಬಣ್ಣದ ಶೈಲಿಯನ್ನು, ನ್ಯೂಟ್ರಲ್‌ಗೆ ಬದಲಿಸುವುದು. ಅರ್ಧ ಸಮಸ್ಯೆ ಅಲ್ಲೇ ಕರಗುವುದುಂಟು. ಆಮೇಲೆ ವೈಟ್ ಬ್ಯಾಲೆನ್ಸನ್ನು ಸ್ವಲ್ಪ ತಂಪಿನ ಕಡೆಗೆ ಸರಿಸುವುದು. ಮೂರನೆಯದಾಗಿ, ಇಡೀ ಚಿತ್ರದ ಸ್ಯಾಚುರೇಷನ್ ಮುಟ್ಟದೆ ಎಚ್‌ಎಸ್‌ಎಲ್ ಎಂಬ ವಿಭಾಗಕ್ಕೆ ಹೋಗಿ ಕೆಂಪಿನ ಸ್ಯಾಚುರೇಷನ್ ಒಂದನ್ನೇ 10ರಿಂದ 25ರಷ್ಟು ಇಳಿಸುವುದು. ಅದರ ಜೊತೆಗೇ ಕೆಂಪಿನ ಲ್ಯೂಮಿನನ್ಸ್ (ಹೊಳಪು) ಕೂಡ ತುಸು ಇಳಿಯಲಿ. ಸ್ಯಾಚುರೇಷನ್ ಇಳಿಸಿದಾಗ ಸೊನ್ನೆಗೆ ಬಿದ್ದಿದ್ದ ಹಸಿರು, ನೀಲಿಯ ಅಂಕಿಗಳು ಮೇಲೇಳುತ್ತವೆ. ಅವುಗಳೊಂದಿಗೆ ಸುಕ್ಕು, ನರಗಳೂ ಏಳುತ್ತವೆ. ಬಣ್ಣದ ಅಂಕಿ ಕಡಿಮೆಯಾಗಿದ್ದರೂ ಕಣ್ಣಿಗೆ ಹೂವು ಮೊದಲಿಗಿಂತ ಶ್ರೀಮಂತವಾಗಿ ಕಾಣುತ್ತದೆ. ಆಕಾರ ಮತ್ತು ನೆರಳು ಸಿಕ್ಕಿದ ಕೆಂಪಿಗೆ ಆಳ ಬರುತ್ತದೆ.

ಮನುಷ್ಯರಿರುವ ಚಿತ್ರದಲ್ಲಿ ಎಚ್ಚರ ಬೇಕು. ನಮ್ಮ ಚರ್ಮದ ಬಣ್ಣದಲ್ಲೂ ಕೆಂಪು ಮತ್ತು ಕಿತ್ತಳೆ ಇವೆ. ಸೀರೆಗಾಗಿ ಕೆಂಪನ್ನು ಇಳಿಸಿದರೆ ಮುಖ ಬೂದಿ ಬಳಿದಂತಾದೀತು. ಮಾಸ್ಕ್ ಬಳಸಿ ಬಟ್ಟೆಯನ್ನಷ್ಟೇ ಆರಿಸಿ ತಿದ್ದುವುದು ಸರಿಯಾದ ಮಾರ್ಗ. ಕೆಲಸವನ್ನೆಲ್ಲ 16 ಬಿಟ್‌ನಲ್ಲಿ, ಪ್ರೊಫೋಟೊ ಆರ್‌ಜಿಬಿಯಂಥ ವಿಶಾಲ ವ್ಯಾಪ್ತಿಯಲ್ಲಿ ಮಾಡಿ, ಕೊನೆಗೆ ಎಸ್‌ಆರ್‌ಜಿಬಿಗೆ ಪರಿವರ್ತಿಸಬೇಕು. ಪರಿವರ್ತನೆಗೆ ಮುನ್ನ ಸಾಫ್ಟ್ ಪ್ರೂಫ್ ಎಂಬ ಸೌಲಭ್ಯದಿಂದ ಎಲ್ಲೆ ಮೀರುವ ಭಾಗಗಳನ್ನು ನೋಡಿ ಅಲ್ಲಲ್ಲೇ ಸರಿಪಡಿಸಬಹುದು.

ಜೆಪೆಗ್ ಮಾತ್ರ ಇರುವವರಿಗೆ ಅವಕಾಶ ಸೀಮಿತ. ಮೂರೂ ಚಾನೆಲ್‌ಗಳನ್ನು ಬೇರೆ ಬೇರೆಯಾಗಿ ತೆರೆದು, ಹಸಿರಿನಲ್ಲಿ ಏನಾದರೂ ವಿವರ ಉಳಿದಿದೆಯೇ ನೋಡಬೇಕು. ಉಳಿದಿದ್ದರೆ ಚಾನೆಲ್ ಮಿಕ್ಸರ್ ಬಳಸಿ ಅದರ ಸ್ವಲ್ಪ ಪಾಲನ್ನು ಕೆಂಪಿಗೆ ಬೆರೆಸಿದಾಗ ಎಸಳಿಗೆ ಜೀವ ಬರುತ್ತದೆ. ಹಸಿರೂ ಸೊನ್ನೆಯಾಗಿದ್ದರೆ ಆ ಚಿತ್ರವನ್ನು ಬಿಡಬೇಕು.

ಪರದೆಯಿಂದ ಪುಟಕ್ಕೆ

ಸರಿಯಾಗಿ ತಿದ್ದಿದ ಕೆಂಪು ನೋಡುವವರನ್ನು ತಲುಪುವ ದಾರಿಯಲ್ಲೂ ಬದಲಾಗುತ್ತದೆ. ಹಲವು ಫೋನ್‌ಗಳ ಒಎಲ್‌ಇಡಿ ಪರದೆಗಳಲ್ಲಿ ‘ವಿವಿಡ್’ ಎಂಬ ಏರ್ಪಾಡಿದ್ದು, ಅದು ಪ್ರತಿ ಬಣ್ಣವನ್ನೂ ಉಬ್ಬಿಸಿ ತೋರಿಸುತ್ತದೆ. ಚಿತ್ರ ತಿದ್ದುವ ಮುನ್ನ ಅದನ್ನು ‘ನ್ಯಾಚುರಲ್’ಗೆ ಬದಲಿಸಬೇಕು. 2016ರ ಐಫೋನ್ 7ರಿಂದೀಚೆಗೆ ಆ ಫೋನ್‌ಗಳ ಪರದೆಯೂ ಕ್ಯಾಮೆರಾವೂ ಪಿ3 ವ್ಯಾಪ್ತಿಯಲ್ಲಿ ಕೆಲಸ ಮಾಡುತ್ತವೆ. ಅದರಲ್ಲಿ ತುಂಬಿಕೊಂಡಂತೆ ಕಂಡ ಕೆಂಪು ಹಳೆಯ ಕಂಪ್ಯೂಟರಿನಲ್ಲಿ ಸಪಾಟಾದರೆ ಆಶ್ಚರ್ಯವಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದಾಗ ಅದು ಕುಗ್ಗುತ್ತದೆ. ಜೆಪೆಗ್ ಸಂಕೋಚನದಲ್ಲಿ ಸಾಮಾನ್ಯವಾಗಿ 4 ಪಿಕ್ಸೆಲ್‌ಗಳಿಗೆ ಸೇರಿ ಒಂದೇ ಬಣ್ಣದ ಮಾಹಿತಿ ಉಳಿಯುತ್ತದೆ. ಹೊಳಪಿನ ವ್ಯತ್ಯಾಸ ಕಡಿಮೆಯಿದ್ದು ಬಣ್ಣವನ್ನೇ ನೆಚ್ಚಿಕೊಂಡ ಕೆಂಪು ವಿವರಗಳಿಗೆ ಇದರಿಂದ ಹೆಚ್ಚು ಪೆಟ್ಟು. ಡಾಕ್ಯುಮೆಂಟ್ ರೂಪದಲ್ಲಿ ಕಳಿಸಿದರೆ ಮೂಲ ಚಿತ್ರ ಹಾಗೆಯೇ ತಲುಪುತ್ತದೆ.

ಮುದ್ರಣದ ಕೆಂಪು ಮತ್ತೂ ಬೇರೆ. ಪತ್ರಿಕೆ ಮುದ್ರಣದಲ್ಲಿ ಕೆಂಪು ಶಾಯಿ ಎಂಬುದು ಸಾಮಾನ್ಯವಾಗಿ ಇರುವುದಿಲ್ಲ. ಮಜೆಂಟಾ ಮತ್ತು ಹಳದಿ ಶಾಯಿಗಳ ಚುಕ್ಕಿಗಳು ಸೇರಿ ಕೆಂಪಾಗುತ್ತವೆ. ನ್ಯೂಸ್‌ಪ್ರಿಂಟ್ ಕಾಗದ ಶಾಯಿಯನ್ನು ಹೀರಿಕೊಳ್ಳುವುದರಿಂದ ಆ ಕೆಂಪಿಗೆ ಪರದೆಯ ಕಾಂತಿ ಬರದು. ಪರದೆಯಲ್ಲಿ ಬಣ್ಣ ಏರಿಸಿ ಕಳಿಸಿದ ಚಿತ್ರ ಪುಟದ ಮೇಲೆ ಮುದ್ದೆಯಾಗುತ್ತದೆ. ಬಣ್ಣ ಹಿತಮಿತವಾಗಿದ್ದು ನೆರಳು ಚೆನ್ನಾಗಿರುವ ಚಿತ್ರ ಪುಟದಲ್ಲೂ ನಿಲ್ಲುತ್ತದೆ.

ಕೆಂಪುಗಳು ಹಲವು

ಒಂದು ಬಣ್ಣದ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳಬೇಕೆ ಎಂದು ಕೇಳುವವರಿಗೆ ಉತ್ತರವಿದೆ. ನಮ್ಮ ಸುತ್ತ ಇರುವುದು ಒಂದೇ ಕೆಂಪಲ್ಲ. ಹಳೆ ಮನೆಯ ಕಾವಿ ನೆಲ, ಹಣೆಯ ಕುಂಕುಮ, ಹವಳದ ಸರ, ದಾಳಿಂಬೆಯ ಕಾಳು, ಗುಲಗಂಜಿ, ಬ್ಯಾಡಗಿಯ ಕಾಯಿ ಪ್ರತಿಯೊಂದೂ ಬೇರೆ ಕೆಂಪು. ಮಿತಿ ಮೀರಿದ ಚಿತ್ರದಲ್ಲಿ ಇವುಗಳಲ್ಲಿ ಗಾಢವಾದವೆಲ್ಲ 255, 0, 0 ಎಂಬ ಒಂದೇ ಅಂಕಿಗೆ ಬಂದು ನಿಲ್ಲುತ್ತವೆ.

ಇದರ ಬೆಲೆಯನ್ನು ತೆರುವವರೂ ಇದ್ದಾರೆ. ಬಾಗಲಕೋಟೆ ಜಿಲ್ಲೆಯ ಇಳಕಲ್‌ನಲ್ಲಿ ನೇಯ್ದ ಸೀರೆಯ ಸೆರಗಿನ ಕೆಂಪೇ ಅದರ ಹೆಗ್ಗುರುತು. ಅದನ್ನು ಆನ್‌ಲೈನ್‌ನಲ್ಲಿ ನೋಡಿ ಕೊಂಡವರಿಗೆ ಕೈಗೆ ಬಂದ ಬಣ್ಣ ಬೇರೆ ಎನಿಸಿದರೆ ಸೀರೆ ವಾಪಸ್ ಹೋಗುತ್ತದೆ. ನೇಕಾರರ ಮೇಲಿನ ನಂಬಿಕೆಯೂ ಅಷ್ಟು ಕುಂದುತ್ತದೆ. ಸೀರೆಯ ಪಕ್ಕ ಬೂದುಬಣ್ಣದ ಅಳತೆಯ ಕಾರ್ಡ್ ಇಟ್ಟು, ನೆರಳಿನ ಬೆಳಕಿನಲ್ಲಿ, ಬೆಳಕು ತಗ್ಗಿಸಿ ತೆಗೆದ ಒಂದು ಚಿತ್ರ ಅವರ ದುಡಿಮೆಗೆ ಸಲ್ಲಿಸುವ ನ್ಯಾಯ. ಗಿಡಮರಗಳನ್ನು, ಕೀಟಗಳನ್ನು ದಾಖಲಿಸುವವರಿಗೂ ಈ ಹೊಣೆ ಇದೆ. ಕೆಂಪು ಏರೋಪ್ಲೇನ್ ಚಿಟ್ಟೆಯ ಹೊಟ್ಟೆಯ ಮೇಲಿನ ಸಣ್ಣ ಗುರುತು, ಹೂವಿನ ಎಸಳಿನ ಒಳಗೆರೆ ಪ್ರಭೇದವನ್ನು ಹೇಳಬಲ್ಲವು. ಅವು ಅಳಿಸಿಹೋದ ಚಿತ್ರ ಎಷ್ಟೇ ಮೋಹಕವಾಗಿದ್ದರೂ ದಾಖಲೆಯಾಗದು.

ಕ್ಯಾಮೆರಾ ಮತ್ತು ಫೋನ್ ತಯಾರಕರ ಮೇಲೂ ಜವಾಬ್ದಾರಿಯಿದೆ. ರಾ ಫೈಲಿನ ನಿಜವಾದ ಹಿಸ್ಟೋಗ್ರಾಂ ತೋರಿಸುವುದು, ಕೆಂಪೊಂದೇ ಮಿತಿ ಮೀರಿದಾಗಲೂ ಪರದೆಯ ಮೇಲೆ ಎಚ್ಚರಿಸುವುದು ತಾಂತ್ರಿಕವಾಗಿ ಸಾಧ್ಯವಿರುವ ಕೆಲಸ. ಬಣ್ಣ ಉಬ್ಬಿಸುವ ಶೈಲಿಗಳಿಗೆ ಕೊಟ್ಟ ಗಮನದಲ್ಲಿ ಒಂದಿಷ್ಟನ್ನು ಇದಕ್ಕೂ ಕೊಟ್ಟರೆ ಕೋಟ್ಯಂತರ ಜನರ ಚಿತ್ರಗಳು ಸುಧಾರಿಸುತ್ತವೆ.

ಅಲ್ಲಿಯವರೆಗೆ ಕಲಿಕೆ ನಮ್ಮ ಕೈಯಲ್ಲೇ ಇದೆ. ಹಿತ್ತಲಲ್ಲಿ ಅರಳಿದ ಒಂದು ಕೆಂಪು ದಾಸವಾಳವನ್ನು ಆರಿಸಿಕೊಳ್ಳಿ. ನೆರಳಿನಲ್ಲಿ ಸೊನ್ನೆ, ಮೈನಸ್ 1, ಮೈನಸ್ 2 ಹೀಗೆ ಮೂರು ಚಿತ್ರ ತೆಗೆದು, ಕೆಂಪಿನ ಹಿಸ್ಟೋಗ್ರಾಂ ಜೊತೆಗಿಟ್ಟು ಹೋಲಿಸಿ, ಮತ್ತೆ ಹೂವನ್ನೇ ಹತ್ತಿರದಿಂದ ನೋಡಿ. ಯಾವ ಚಿತ್ರ ಹೂವಿಗೆ ಹತ್ತಿರವಿದೆ ಎಂಬುದನ್ನು ನಿಮ್ಮ ಕಣ್ಣೇ ತೀರ್ಮಾನಿಸಲಿ. ಕಣ್ಣಿಗೆ ಆ ಪಾಠ ಒಮ್ಮೆ ಆದ ಮೇಲೆ, ಸ್ಯಾಚುರೇಷನ್ ಸ್ಲೈಡರ್ ಕಡೆಗೆ ಬೆರಳು ಹೋಗುವ ಮೊದಲು ಯೋಚನೆ ಹೋಗುತ್ತದೆ.